ಕ್ಯಾಮ್ ನದಿಯ ತೀರದಲ್ಲಿ ಜೀರ್ಣೋದ್ಧಾರ

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ವೇಗದ ರೈಲು ಹತ್ತಿದವರು ಒಂದು ಗಂಟೆ ತುಂಬುವುದರೊಳಗಾಗಿ ಕೇಂಬ್ರಿಜ್ ನಗರವನ್ನು ಸೇರುತ್ತಾರೆ. ದಾರಿಯುದ್ದಕ್ಕೂ ಕಣ್ಣಿಗೆ ಬೀಳುವುದು ಸಮತಟ್ಟಾದ ಹೊಲಗಳು, ಬೇಲಿಯ ಸಾಲುಗಳು, ಅಲ್ಲೊಂದು ಇಲ್ಲೊಂದು ಇಗರ್ಜಿಯ ಗೋಪುರ. ನಿಲ್ದಾಣದಿಂದ ಊರ ನಡುವಿಗೆ ಸುಮಾರು ಎರಡು ಕಿಲೋಮೀಟರು ನಡೆಯಬೇಕು. ಭಾರತದಿಂದ ಹೋದ ಪ್ರವಾಸಿಗನಾದರೆ ಅವನ ಕಾಲುಗಳು ಮೊದಲು ಟ್ರಿನಿಟಿ ಕಾಲೇಜಿನ ಹೆಬ್ಬಾಗಿಲಿನ ಕಡೆಗೆ ತಿರುಗುವುದು ಸಹಜ. 1914ರಿಂದ 1919ರವರೆಗೆ ಈ ಊರಿನ ಚಳಿಯಲ್ಲಿ ನಡುಗುತ್ತ, ತಾನೇ ಸಾರು ಕುದಿಸಿಕೊಂಡು, ಗಣಿತವನ್ನು ಧ್ಯಾನಿಸಿದ ರಾಮಾನುಜನ್ನರ ನೆನಪು ಅಲ್ಲಿ ಯಾರನ್ನು ತಾನೆ ಬಿಟ್ಟೀತು? ಅನಂತರ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರ, ಹಿಂಬದಿಯ ಹುಲ್ಲುಗಾವಲು, ಕ್ಯಾಮ್ ನದಿಯ ಮೇಲೆ ಉದ್ದನೆಯ ಗಳುವಿನಿಂದ ನೂಕುವ ಚಪ್ಪಟೆ ದೋಣಿ. ಇಷ್ಟನ್ನು ನೋಡಿ, ಒಂದು ಛಾಯಾಚಿತ್ರ ತೆಗೆಸಿಕೊಂಡು, ಸಂಜೆಯ ರೈಲಿಗೆ ಹಿಂದಿರುಗಿದರೆ ಕೇಂಬ್ರಿಜ್ ಯಾತ್ರೆ ಮುಗಿದಂತೆ.

ಆದರೆ ಈ ಜನಜಂಗುಳಿಯ ನಡುವೆ ಇನ್ನೊಂದು ಬಗೆಯ ಯಾತ್ರಿಕನೂ ಉಂಟು. ಅವನು ಪ್ರಾರ್ಥನಾಮಂದಿರಕ್ಕೆ ಬೆನ್ನು ತಿರುಗಿಸಿ, ಎದುರು ಸಾಲಿನ ಮನೆಗಳ ಸಂಖ್ಯೆಗಳನ್ನು ಓದುತ್ತ ಹೋಗುತ್ತಾನೆ. ಅವನಿಗೆ ಬೇಕಾದದ್ದು ಕಿಂಗ್ಸ್ ಪರೇಡ್ ಬೀದಿಯ ಆರನೆಯ ಸಂಖ್ಯೆ. ಅವನ ಹೆಗಲ ಚೀಲದಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಚಿಕ್ಕ ಕರಿಯ ಪೆಟ್ಟಿಗೆ ಇರುವುದೂ ಉಂಟು. ಅದು ನಲವತ್ತು ವರ್ಷ ದಾಟಿದ ಮನೆಗಣಕ. ಕೆಟ್ಟು ಮೂಲೆ ಸೇರಿದ್ದ ಅದನ್ನು ಮತ್ತೆ ಉಸಿರಾಡುವಂತೆ ಮಾಡುವುದು ಅವನ ಹವ್ಯಾಸ.

ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ಕೆಲವರು ಹಳೆಯ ಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತಾರೆ. ಅದರಂತೆ ಹಳೆಯ ಗಣಕಯಂತ್ರಗಳನ್ನು ದುರಸ್ತಿ ಮಾಡುವ ಹವ್ಯಾಸಿಗಳು ಈಗ ಜಗತ್ತಿನ ಹಲವು ದೇಶಗಳಲ್ಲಿದ್ದಾರೆ. ಅವರ ಪಾಲಿಗೆ ಕೇಂಬ್ರಿಜ್ ಒಂದು ಕ್ಷೇತ್ರ. ಇಲ್ಲಿ ಒಂದು ಬೀದಿಯಿಂದ ಇನ್ನೊಂದಕ್ಕೆ ಐದು ನಿಮಿಷ ನಡೆಯುವಷ್ಟರೊಳಗೆ ಇಂಗ್ಲೆಂಡಿನ ಎರಡು ಪ್ರಸಿದ್ಧ ಮನೆಗಣಕ ಸಂಸ್ಥೆಗಳು ಹುಟ್ಟಿದುವು, ಪರಸ್ಪರ ಹಗೆ ಸಾಧಿಸಿದುವು, ಸುಮಾರು ಒಂದೇ ಕಾಲದಲ್ಲಿ ನೆಲಕಚ್ಚಿದುವು.

ಕಿಂಗ್ಸ್ ಪರೇಡಿನ ಆರನೆಯ ಸಂಖ್ಯೆ ಕ್ಲೈವ್ ಸಿಂಕ್ಲೇರ್ ಅವರ ವಿಳಾಸವಾಗಿತ್ತು. 1980ರಲ್ಲಿ ಅವರು ಝಡ್ಎಕ್ಸ್80 ಎಂಬ ಗಣಕವನ್ನು 99 ಪೌಂಡು 95 ಪೆನ್ಸಿಗೆ ಮಾರಾಟಕ್ಕಿಟ್ಟರು. ಭಾಗಗಳನ್ನು ಕೊಂಡು ತಾವೇ ಬೆಸುಗೆ ಹಾಕಿಕೊಳ್ಳುವವರಿಗೆ 79 ಪೌಂಡು 95 ಪೆನ್ಸು. ಅಲ್ಲಿಯವರೆಗೆ ಗಣಕವೆಂದರೆ ವಿಶ್ವವಿದ್ಯಾಲಯದ, ಇಲ್ಲವೆ ಬ್ಯಾಂಕಿನ ಒಳಕೋಣೆಯ ದೇವರು. ಪೂಜಾರಿಗಳಲ್ಲದೆ ಬೇರೆಯವರಿಗೆ ಅದರ ದರ್ಶನವಿರಲಿಲ್ಲ. ಮರುವರ್ಷ ಬಂದ ಝಡ್ಎಕ್ಸ್81ರ ಬಿಡಿಭಾಗಗಳ ಪೆಟ್ಟಿಗೆಗೆ ಕೇವಲ 49 ಪೌಂಡು 95 ಪೆನ್ಸು. ಅದರ ನೆನಪಿನ ಶಕ್ತಿ 1 ಕಿಲೋಬೈಟು ಮಾತ್ರ. ಈ ಲೇಖನದ ಒಂದು ವಾಕ್ಯವೃಂದವನ್ನು ಕೂಡ ಅದರಲ್ಲಿ ಪೂರ್ತಿಯಾಗಿ ತುಂಬಿಡುವುದು ಕಷ್ಟ. ಹೆಚ್ಚಿನ ನೆನಪು ಬೇಕೆಂದವರು 16 ಕಿಲೋಬೈಟಿನ ಒಂದು ಡಬ್ಬಿಯನ್ನು ಬೆನ್ನಿಗೆ ಸಿಕ್ಕಿಸಬೇಕಾಗಿತ್ತು. ಆ ಡಬ್ಬಿ ಸ್ವಲ್ಪ ಅಲುಗಾಡಿದರೂ ಎರಡು ತಾಸು ಕುಳಿತು ಟೈಪು ಮಾಡಿದ್ದೆಲ್ಲ ಮಾಯ! ಜನರು ಅದನ್ನು ಅಂಟುಮುದ್ದೆ ಮೆತ್ತಿ ಭದ್ರಪಡಿಸುತ್ತಿದ್ದರು. ಹವ್ಯಾಸಿಯ ಮೊದಲ ಪಾಠ ಅಲ್ಲಿಂದಲೇ ಆರಂಭವಾಯಿತೆನ್ನಬಹುದು.

1982ರ ಏಪ್ರಿಲಿನಲ್ಲಿ ಝಡ್ಎಕ್ಸ್ ಸ್ಪೆಕ್ಟ್ರಮ್ ಬಂದಿತು. ಕರಿಯ ಮೈ, ರಬ್ಬರಿನ ಗುಂಡಿಗಳು, ಒಂದು ಮೂಲೆಯಲ್ಲಿ ಓರೆಯಾಗಿ ಕಾಮನಬಿಲ್ಲಿನ ಪಟ್ಟೆ. ಮನೆಯ ಟೆಲಿವಿಷನ್ನಿಗೂ ಕ್ಯಾಸೆಟ್ ಯಂತ್ರಕ್ಕೂ ಜೋಡಿಸಿದರೆ ಬಣ್ಣದ ಚಿತ್ರ, ಆಟ, ಲೆಕ್ಕ ಎಲ್ಲವೂ ಸಿದ್ಧ. ಮುಂದೆ ಐವತ್ತು ಲಕ್ಷಕ್ಕೂ ಹೆಚ್ಚು ಸ್ಪೆಕ್ಟ್ರಮ್‌ಗಳು ಮಾರಾಟವಾದುವು. ಮರುವರ್ಷ ಸಿಂಕ್ಲೇರ್ ಅವರಿಗೆ ‘ಸರ್’ ಪದವಿ ದೊರೆಯಿತು.

ಕಿಂಗ್ಸ್ ಪರೇಡಿನಿಂದ ಒಂದು ತಿರುವು ದಾಟಿದರೆ ಮಾರ್ಕೆಟ್ ಹಿಲ್. ಹೆಸರಿಗೆ ಬೆಟ್ಟ, ಒಂದು ದಿಣ್ಣೆಯೂ ಅಲ್ಲಿಲ್ಲ. ತರಕಾರಿ, ಹೂವು, ಹಳೆಯ ಪುಸ್ತಕಗಳ ಅಂಗಡಿಗಳು ತುಂಬಿದ ಚೌಕ ಅದು. ಇದರ 4ಎ ಸಂಖ್ಯೆಯಲ್ಲಿ ಏಕಾರ್ನ್ ಸಂಸ್ಥೆ ತನ್ನ ಬಾಲ್ಯವನ್ನು ಕಳೆಯಿತು. ಸಿಂಕ್ಲೇರ್ ಅವರ ಬಳಿ ಹಲವು ವರ್ಷ ದುಡಿದಿದ್ದ ಕ್ರಿಸ್ ಕರಿ ಎಂಬವರು ಅವರಿಂದ ಬೇರೆಯಾಗಿ, ಹರ್ಮನ್ ಹೌಸರ್ ಎಂಬ ಆಸ್ಟ್ರಿಯದ ವಿಜ್ಞಾನಿಯೊಡನೆ ಸೇರಿ 1978ರಲ್ಲಿ ಇದನ್ನು ಕಟ್ಟಿದರು. ಏಕಾರ್ನ್ ಎಂದರೆ ಓಕ್ ಮರದ ಬೀಜ. ಟೆಲಿಫೋನ್ ಪುಸ್ತಕದ ಅಕಾರಾದಿಯಲ್ಲಿ ಆಪಲ್‌ಗಿಂತ ಮೊದಲು ಬರಲಿ ಎಂಬ ಚಾತುರ್ಯವೂ ಆ ಹೆಸರಿನ ಹಿಂದೆ ಇತ್ತಂತೆ.

ಬಿಬಿಸಿ ಸಂಸ್ಥೆ ದೇಶದ ಜನತೆಗೆ ಟೆಲಿವಿಷನ್ನಿನ ಮೂಲಕ ಗಣಕವಿದ್ಯೆಯನ್ನು ಕಲಿಸಲು ಹೊರಟಾಗ, ಅದಕ್ಕೊಂದು ಯಂತ್ರ ಬೇಕಾಯಿತು. ಸಿಂಕ್ಲೇರ್ ಅವರಿಗೂ ಅದು ಬೇಕು, ಏಕಾರ್ನಿಗೂ ಬೇಕು. 1981ರಲ್ಲಿ ಬಿಬಿಸಿಯ ಅಧಿಕಾರಿಗಳು ವಾರದ ಕೊನೆಗೆ ಬರುವರೆಂದು ತಿಳಿದಾಗ ಏಕಾರ್ನಿನಲ್ಲಿ ಯಂತ್ರವಿರಲಿಲ್ಲ, ಕಾಗದದ ಮೇಲಿನ ಯೋಚನೆ ಮಾತ್ರ ಇತ್ತು. ಹೌಸರ್ ಅವರು ಸೋಫಿ ವಿಲ್ಸನ್ ಅವರನ್ನು ಕಂಡು, ‘ಒಂದು ವಾರದಲ್ಲಿ ಆಗುವುದೆಂದು ಸ್ಟೀವ್ ಫರ್ಬರ್ ಹೇಳುತ್ತಾರೆ’ ಎಂದರಂತೆ. ಫರ್ಬರ್ ಅವರನ್ನು ಕಂಡು, ‘ವಿಲ್ಸನ್ ಹೇಳುತ್ತಾರೆ’ ಎಂದರಂತೆ. ನಾರದನ ಕೆಲಸವೇ ಸರಿ. ಆದರೆ ಶುಕ್ರವಾರದ ಬೆಳಗ್ಗೆ ಬಿಬಿಸಿಯವರು ಒಳಗೆ ಬರುವ ಹೊತ್ತಿಗೆ ಯಂತ್ರ ಓಡುತ್ತಿತ್ತು. ಹೀಗೆ ಹುಟ್ಟಿದ ಬಿಬಿಸಿ ಮೈಕ್ರೋ ಆ ವರ್ಷದ ಡಿಸೆಂಬರಿನಲ್ಲಿ ಹೊರಬಂದು, ಇಂಗ್ಲೆಂಡಿನ ಶಾಲೆ ಶಾಲೆಗೂ ಹೋಯಿತು.

ಎರಡು ಮನೆಗಳ ಈ ಜಗಳ 1984ರ ಕ್ರಿಸ್‌ಮಸ್ ಸಮಯಕ್ಕೆ ವಿಕೋಪಕ್ಕೆ ಹೋಯಿತು. ಸಿಂಕ್ಲೇರ್ ಯಂತ್ರಗಳು ಕೆಟ್ಟು ಅಂಗಡಿಗೆ ಹಿಂದಿರುಗುವುದು ಹೆಚ್ಚೆಂದು ಹಂಗಿಸುವ ಜಾಹೀರಾತನ್ನು ಏಕಾರ್ನ್ ಪತ್ರಿಕೆಗಳಲ್ಲಿ ಹಾಕಿತು. ಬ್ರಿಜ್ ಬೀದಿಯ ‘ಬ್ಯಾರನ್ ಆಫ್ ಬೀಫ್’ ಪಾನಗೃಹದಲ್ಲಿ ಕರಿಯವರನ್ನು ಕಂಡ ಸರ್ ಕ್ಲೈವ್ ಅವರು, ಸುರುಳಿ ಸುತ್ತಿದ ಪತ್ರಿಕೆಯಿಂದಲೇ ಅವರನ್ನು ಬಾರಿಸಿದರು. ವರ್ಷ ತಿರುಗುವುದರೊಳಗೆ ಏಕಾರ್ನ್ ಇಟಲಿಯ ಒಲಿವೆಟ್ಟಿಯ ವಶವಾಯಿತು. 1986ರಲ್ಲಿ ಸಿಂಕ್ಲೇರ್ ಗಣಕಗಳ ವ್ಯವಹಾರ 50 ಲಕ್ಷ ಪೌಂಡಿಗೆ ಆಮ್‌ಸ್ಟ್ರಾಡ್ ಸಂಸ್ಥೆಗೆ ಮಾರಾಟವಾಯಿತು. ಯಾರ ಯಂತ್ರ ಹೆಚ್ಚು ಕೆಡುತ್ತದೆ ಎಂಬ ವಾದ ಮಾತ್ರ ಇಂದಿಗೂ ಮುಗಿದಿಲ್ಲ. ಹವ್ಯಾಸಿಗಳ ಮೇಜಿನ ಮೇಲೆ ಎರಡೂ ಬಿಚ್ಚಿಕೊಂಡು ಅಕ್ಕಪಕ್ಕ ಮಲಗಿರುತ್ತವೆ.

*

ಊರ ಪೂರ್ವಭಾಗದಲ್ಲಿ, ಕೋಲ್ಡಮ್ಸ್ ರಸ್ತೆಯ ಬಳಿ, ಗೋದಾಮಿನಂತಹ ಕಟ್ಟಡವೊಂದರಲ್ಲಿ ಗಣಕ ಇತಿಹಾಸ ಕೇಂದ್ರವಿದೆ. ಕಾಲೇಜುಗಳ ಶಿಲ್ಪವನ್ನು ಕಂಡ ಕಣ್ಣಿಗೆ ಈ ಕಟ್ಟಡ ಏನೂ ಅಲ್ಲ. 2013ರಲ್ಲಿ ಇದು ಹೇವರಿಲ್ ಎಂಬ ಪಟ್ಟಣದಿಂದ ಇಲ್ಲಿಗೆ ಬಂದಿತು. ಸಾಮಾನ್ಯವಾಗಿ ವಸ್ತುಸಂಗ್ರಹಾಲಯಗಳಲ್ಲಿ ‘ಮುಟ್ಟಬೇಡಿ’ ಎಂಬ ಹಲಗೆ ಮೊದಲು ಕಾಣುವುದು. ಇಲ್ಲಿ ಮುಟ್ಟದೆ ಹೋದವನೇ ದಡ್ಡ. ಯಂತ್ರಗಳು ಚಾಲೂ ಸ್ಥಿತಿಯಲ್ಲಿರುತ್ತವೆ. ಮಕ್ಕಳು ಕುಳಿತು ಗುಂಡಿ ಒತ್ತುತ್ತಾರೆ. ಮಕ್ಕಳನ್ನು ಕರೆತಂದ ತಂದೆಯರು ಅವರ ಸರದಿಗಾಗಿ ಹಿಂದೆ ಚಡಪಡಿಸುತ್ತ ನಿಲ್ಲುತ್ತಾರೆ. 1980ರ ದಶಕದ ಶಾಲಾ ತರಗತಿಯಂತೆ ಸಾಲು ಸಾಲಾಗಿ ಬಿಬಿಸಿ ಮೈಕ್ರೋಗಳನ್ನಿಟ್ಟ ಒಂದು ಕೋಣೆಯೂ ಇದೆ. ಸ್ವಿಚ್ಚು ಹಾಕಿದೊಡನೆ ತಗ್ಗಿನ ದನಿಯಲ್ಲಿ ಒಂದು ‘ಬೂ’, ಅದರ ಬೆನ್ನಿಗೇ ಚುರುಕಾಗಿ ಒಂದು ‘ಪೀಪ್’. ಆ ಎರಡನೆಯ ದನಿ ಬಾರದೆ ‘ಬೂ’ ಎಂಬುದೇ ಉದ್ದಕ್ಕೆ ಎಳೆದರೆ ರೋಗಿಗೆ ಆರೋಗ್ಯವಿಲ್ಲವೆಂದು ತಿಳಿಯಬೇಕು.

ಈ ದನಿಯನ್ನು ಬಾಲ್ಯದಲ್ಲಿ ಕೇಳಿದವರು ಭಾರತದಲ್ಲಿಯೂ ಇದ್ದಾರೆ. 1984–85ರಲ್ಲಿ ಭಾರತ ಸರಕಾರವು ‘ಕ್ಲಾಸ್’ ಎಂಬ ಯೋಜನೆಯ ಅಡಿಯಲ್ಲಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಗಣಕವನ್ನು ಒದಗಿಸಿದಾಗ, ಬಂದದ್ದು ಇದೇ ಬಿಬಿಸಿ ಮೈಕ್ರೋ. ಚಂಡೀಗಢದ ಬಳಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಅದನ್ನು ಇಲ್ಲಿಯೇ ತಯಾರಿಸಿದುದೂ ಉಂಟು. ಅಂದು ಆ ಗಣಕಗಳ ಮುಂದೆ ಕುಳಿತ ಹುಡುಗ ಹುಡುಗಿಯರು ಇಂದು ಐವತ್ತು ದಾಟಿದ್ದಾರೆ. ಕೇಂಬ್ರಿಜ್‌ನ ಈ ಕೋಣೆಯ ಬಾಗಿಲಲ್ಲಿ ಭಾರತೀಯ ಪ್ರವಾಸಿಗನೊಬ್ಬನು ಇದ್ದಕ್ಕಿದ್ದಂತೆ ನಿಂತು ಬಿಟ್ಟರೆ ಆಶ್ಚರ್ಯಪಡಬೇಕಾಗಿಲ್ಲ.

*

ಹಳೆಯ ಗಣಕವೊಂದು ಹವ್ಯಾಸಿಯ ಕೈಗೆ ಬರುವುದು ಸಾಮಾನ್ಯವಾಗಿ ಯಾರದೋ ಅಟ್ಟದಿಂದ. ಮನೆಯ ಹಿರಿಯರು ತೀರಿಕೊಂಡಾಗ, ಇಲ್ಲವೆ ಮನೆ ಬದಲಾಯಿಸುವಾಗ, ಧೂಳು ಹಿಡಿದ ಪೆಟ್ಟಿಗೆಯೊಂದು ಕೆಳಗಿಳಿಯುತ್ತದೆ. ಆಗ ಎಲ್ಲರಿಗೂ ಹುಟ್ಟುವ ಮೊದಲ ಆಸೆ, ‘ಒಮ್ಮೆ ಹಚ್ಚಿ ನೋಡೋಣ’ ಎಂಬುದು. ಅದೇ ಮೊದಲ ಪ್ರಮಾದ. ಅನುಭವಿಯು ಮೊದಲು ತಿರುಪುಳಿ ಹಿಡಿಯುತ್ತಾನೆ, ಸ್ವಿಚ್ಚಿನ ಬಳಿಗೆ ಹೋಗುವುದಿಲ್ಲ.

ಬಿಬಿಸಿ ಮೈಕ್ರೋದ ಎಡಮಗ್ಗುಲಲ್ಲಿ ವಿದ್ಯುತ್ ಪೂರೈಕೆಯ ಪೆಟ್ಟಿಗೆ ಇರುತ್ತದೆ. ಅದರೊಳಗೆ ಪಾರದರ್ಶಕವಾದ ಹಳದಿಯ ಕವಚದ ಒಂದೆರಡು ಪುಟ್ಟ ಕೆಪಾಸಿಟರುಗಳು. ಒಳಗಿರುವುದು ಲೋಹ ಲೇಪಿಸಿದ ಕಾಗದ. ವರ್ಷಗಳು ಕಳೆದಂತೆ ಕವಚದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಬಿರುಕಿನಲ್ಲಿ ಗಾಳಿಯ ತೇವ ಇಳಿಯುತ್ತದೆ. ಒದ್ದೆಯಾದ ಕಾಗದಕ್ಕೆ ಮನೆಯ ವಿದ್ಯುತ್ತು ತಗಲಿದಾಗ ಕೆಲವು ನಿಮಿಷ ಸುಮ್ಮನಿದ್ದು, ಆಮೇಲೆ ‘ಫಟ್’ ಎಂದು ಸಿಡಿಯುತ್ತದೆ. ಕೋಣೆಯ ತುಂಬ ಕಂದುಹೊಗೆ, ಮೂರು ದಿನ ಬಿಡದ ದುರ್ವಾಸನೆ. ತಮಾಷೆಯೆಂದರೆ ಹೊಗೆ ಕಾರುತ್ತಲೇ ಗಣಕವು ತನ್ನ ಪಾಡಿಗೆ ಕೆಲಸ ಮಾಡುತ್ತಿರುವುದುಂಟು. ಮನೆಯವರಿಗೆ ಮಾತ್ರ ಆ ತಮಾಷೆ ಅರ್ಥವಾಗುವುದಿಲ್ಲ. ಈ ಹವ್ಯಾಸಕ್ಕೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮೇಜಿನಿಂದ ಗಡೀಪಾರಾಗಿದ್ದರೆ ಅದಕ್ಕೆ ಈ ಕೆಪಾಸಿಟರುಗಳೇ ಕಾರಣ.

ಸ್ಪೆಕ್ಟ್ರಮ್ಮಿನ ರೋಗಗಳು ಬೇರೆ. ಅದರ ಗುಂಡಿಗಳ ಕೆಳಗೆ ಪ್ಲಾಸ್ಟಿಕ್ಕಿನ ತೆಳುಹಾಳೆಯೊಂದಿದೆ. ಅದರ ಬಾಲವು ಚಪ್ಪಟೆ ಪಟ್ಟಿಯಂತೆ ಬೋರ್ಡಿನೊಳಗೆ ಸಿಕ್ಕಿಕೊಂಡಿರುತ್ತದೆ. ನಲವತ್ತು ವರ್ಷದ ಪ್ಲಾಸ್ಟಿಕ್ಕು ಒಣಗಿದ ಬಾಳೆಪಟ್ಟೆಯ ಹಾಗೆ ಪೆಡಸಾಗಿ, ಮುಚ್ಚಳ ಎತ್ತಿದೊಡನೆಯೇ ಮುರಿಯುತ್ತದೆ. ಹೊಸ ಹಾಳೆಗಳನ್ನು ಈಗಲೂ ಮಾಡಿ ಮಾರುವವರಿರುವುದರಿಂದ ಈ ರೋಗಕ್ಕೆ ಮದ್ದಿದೆ. ಕಠಿಣವಾದದ್ದು ಒಳಗಿನ ರೋಗ. ಸ್ಪೆಕ್ಟ್ರಮ್ಮಿನ ಮೊದಲ 16 ಕಿಲೋಬೈಟು ನೆನಪು ಎಂಟು ಪುಟ್ಟ ಚಿಪ್‌ಗಳಲ್ಲಿ ಅಡಗಿದೆ. ಇವು ಬಲು ಲಾಲನೆ ಬೇಡುವ ಜಾತಿ. ಒಂದೇ ವಿದ್ಯುತ್ತು ಸಾಲದು; 5 ವೋಲ್ಟು, 12 ವೋಲ್ಟು, ಅದರ ಮೇಲೆ ಋಣ 5 ವೋಲ್ಟು, ಹೀಗೆ ಮೂರು ಬಗೆಯ ಆಹಾರ ಬೇಕು. ಈ ಮೂರನ್ನು ಬಡಿಸುವ ಭಾಗದಲ್ಲಿರುವ ಒಂದು ಬಡ ಟ್ರಾನ್ಸಿಸ್ಟರು ಸತ್ತರೆ ಆಹಾರದ ಅನುಪಾತ ಕೆಟ್ಟು ಚಿಪ್‌ಗಳೂ ಅದರ ಹಿಂದೆಯೇ ಹೋಗುತ್ತವೆ. ಹವ್ಯಾಸಿಯು ಮೀಟರಿನ ಕಡ್ಡಿಗಳನ್ನು ಒಂದೊಂದು ಕಾಲಿಗೂ ಮುಟ್ಟಿಸಿ, ನಾಡಿ ಹಿಡಿದ ಪಂಡಿತನಂತೆ, ಯಾವುದು ಬದುಕಿದೆ ಯಾವುದು ಸತ್ತಿದೆ ಎಂದು ನಿರ್ಣಯಿಸಬೇಕು. ಎರಡು ರಾತ್ರಿ, ಮೂರು ರಾತ್ರಿ ಹೋದದ್ದು ತಿಳಿಯುವುದಿಲ್ಲ. ಕೊನೆಗೊಮ್ಮೆ ಪರದೆಯು ಕಪ್ಪಾಗಿ, ಮರುಕ್ಷಣ ಬೆಳ್ಳಗಾಗಿ, ಕೆಳತುದಿಯಲ್ಲಿ 1982 ಎಂಬ ಇಸವಿಯೊಡನೆ ಸಿಂಕ್ಲೇರ್ ಸಂಸ್ಥೆಯ ಹೆಸರಿನ ಒಂದು ಸಾಲು ಮೂಡಿದರೆ, ಅಷ್ಟೇ ಅವನ ಸಂಭಾವನೆ.

ಎಲ್ಲಕ್ಕಿಂತ ಕ್ರೂರವಾದುದು ಬ್ಯಾಟರಿಯ ಸೋರಿಕೆ. ಏಕಾರ್ನ್ 1987ರಿಂದ ಹೊರತಂದ ಆರ್ಕಿಮಿಡೀಸ್ ವಂಶದ ಕೆಲವು ಗಣಕಗಳಲ್ಲಿ, ಗಡಿಯಾರವನ್ನು ನಡೆಸುವ ಪುಟ್ಟ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿದ್ದರು. ಅದು ಸೋರಿದರೆ ಅದರ ಕ್ಷಾರವು ತಾಮ್ರದ ಗೆರೆಗಳನ್ನು ಗೆದ್ದಲಿನಂತೆ ತಿನ್ನುತ್ತ ಹೋಗುತ್ತದೆ. ವಿನೆಗರಿನ ಹುಳಿಯಿಂದ ಕ್ಷಾರವನ್ನು ತಣಿಸಿ, ತೊಳೆದು, ಒಣಗಿಸಿ, ತಿಂದುಹೋದ ಗೆರೆಗಳ ಜಾಗದಲ್ಲಿ ಕೂದಲಿನಷ್ಟು ತೆಳುವಾದ ತಂತಿಯನ್ನು ಬೆಸುಗೆ ಹಾಕಬೇಕು. ಅಟ್ಟದ ಮೇಲೆ ‘ಜೋಪಾನವಾಗಿ’ ಇಟ್ಟಿದ್ದ ಯಂತ್ರಗಳೇ ಹೀಗೆ ಹೆಚ್ಚಾಗಿ ನಾಶವಾಗುತ್ತವೆ ಎಂಬುದು ಗಮನಿಸತಕ್ಕ ಮಾತು. ಬಳಸುತ್ತಿದ್ದವನು ಬ್ಯಾಟರಿಯನ್ನು ಬದಲಿಸಿರುತ್ತಾನೆ. ಇಟ್ಟು ಮರೆತವನು ಬದಲಿಸಿರುವುದಿಲ್ಲ.

ಹೊರಮೈಗೂ ವೈದ್ಯವಿದೆ. ಬಿಬಿಸಿ ಮೈಕ್ರೋದ ಕೆನೆಬಣ್ಣದ ಪೆಟ್ಟಿಗೆ ಬಿಸಿಲಿಗೂ ಬಿಸಿಗೂ ಹಳೆಯ ದಂತದಂತೆ ಹಳದಿಯಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡು ಸವರಿ ಬಿಸಿಲಿನಲ್ಲಿಟ್ಟರೆ ಮೂಲದ ಬಣ್ಣ ಮರಳುವುದೆಂದು 2008ರ ಸುಮಾರಿಗೆ ಹವ್ಯಾಸಿಗಳೇ ಕಂಡುಕೊಂಡರು. ಕೈಗವಸು ಧರಿಸದಿದ್ದರೆ ಚರ್ಮವೂ ಬಿಳಿಯಾಗುತ್ತದೆ. ಸಮನಾಗಿ ಸವರದಿದ್ದರೆ ಪೆಟ್ಟಿಗೆಗೆ ತೊನ್ನು ಹತ್ತಿದಂತೆ ಕಾಣುತ್ತದೆ. ಕೆಲವು ವರ್ಷಗಳ ಮೇಲೆ ಹಳದಿ ಮತ್ತೆ ಬರುವುದೂ ಉಂಟು. ಮುಖಕ್ಕೆ ಬಣ್ಣ ಹಚ್ಚಿದ ಮಾತ್ರಕ್ಕೆ ವಯಸ್ಸು ಇಳಿಯುತ್ತದೆಯೆ ಎಂದು ನಗುವವರು ಹವ್ಯಾಸಿಗಳಲ್ಲಿಯೇ ಇದ್ದಾರೆ.

*

ಇಲ್ಲಿಂದ ಮುಂದೆ ವಿವಾದದ ನೆಲ. ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಹಾಕುವುದು ಎಲ್ಲಿಯವರೆಗೆ ಸರಿ? ನಮ್ಮ ದೇವಾಲಯಗಳ ಜೀರ್ಣೋದ್ಧಾರವನ್ನು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಭಕ್ತಿ ಹೆಚ್ಚಾಗಿ ಹೊಯ್ಸಳ ಶಿಲ್ಪದ ಮೇಲೆ ಸುಣ್ಣ ಬಳಿದ ಪುಣ್ಯಾತ್ಮರೂ ಉಂಟು; ಒಂದು ಕಲ್ಲನ್ನೂ ಕದಲಿಸಬಾರದೆಂದು ಗರ್ಭಗುಡಿಯ ಮೇಲೆ ಆಲದ ಸಸಿ ಬೆಳೆಯಲು ಬಿಟ್ಟವರೂ ಉಂಟು. ಗಣಕದ ಹವ್ಯಾಸಿಗಳಲ್ಲಿ ಈ ಎರಡು ಪಂಗಡಗಳೂ ಇವೆ. ಮೂಲದ ಕೆಪಾಸಿಟರನ್ನು ಕಿತ್ತರೆ ಚರಿತ್ರೆಯನ್ನೇ ಕಿತ್ತಂತೆ ಎನ್ನುವವರು ಒಂದು ಕಡೆ. ಓಡದ ಗಣಕ ಗಣಕವೇ ಅಲ್ಲ, ಅದು ಪ್ಲಾಸ್ಟಿಕ್ಕಿನ ಪೆಟ್ಟಿಗೆ ಎನ್ನುವವರು ಇನ್ನೊಂದು ಕಡೆ.

ಎರಡನೆಯ ಪಕ್ಷದ ವಾದವೇ ಬಲವಾಗಿ ತೋರುತ್ತದೆ. ವೀಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಬಹುದು ನಿಜ. ತಂತಿ ಬದಲಿಸದೆ ಕೇಳುವುದು ಹೇಗೆ? ಆದರೆ ಬದಲಿಸುವವನಿಗೆ ಗ್ರಂಥಸಂಪಾದಕನ ಶಿಸ್ತು ಇರಬೇಕು. ಲಿಪಿಕಾರನು ತಪ್ಪಿದನೆಂದು ತೋರಿದರೂ ಒಳ್ಳೆಯ ಸಂಪಾದಕನು ಓಲೆಯನ್ನು ತಿದ್ದುವುದಿಲ್ಲ; ತನ್ನ ಪಾಠವನ್ನು ಬೇರೆ ಬರೆದು, ಮೂಲವನ್ನು ಅಡಿಯಲ್ಲಿ ಕಾಣಿಸುತ್ತಾನೆ. ಒಳ್ಳೆಯ ಹವ್ಯಾಸಿಯೂ ಹಾಗೆಯೇ: ಮತ್ತೆ ಹಿಂದಕ್ಕೆ ತರಬಹುದಾದ ಬದಲಾವಣೆಯನ್ನು ಮಾತ್ರ ಮಾಡುತ್ತಾನೆ. ಸ್ಪೆಕ್ಟ್ರಮ್ಮನ್ನು ಹಳೆಯ ಕಾಲದ ಟೆಲಿವಿಷನ್ನಿನ ಆಂಟೆನಾ ರಂಧ್ರಕ್ಕೆ ಜೋಡಿಸಬೇಕಾಗಿತ್ತು. ಇಂದಿನ ಪರದೆಗಳಲ್ಲಿ ಅದು ಸರಿಯಾಗಿ ಮೂಡುವುದಿಲ್ಲ. ಒಂದು ಕೊಂಡಿಯನ್ನು ಬಿಡಿಸಿ, ಒಂದು ತಂತಿಯನ್ನು ಸೇರಿಸಿದರೆ ಚಿತ್ರವು ನೇರವಾಗಿ ಹೊರಬರುತ್ತದೆ. ಬೇಡವೆನಿಸಿದ ದಿನ ಐದು ನಿಮಿಷದಲ್ಲಿ ಮೊದಲಿನಂತೆ ಮಾಡಬಹುದು. ಇದಕ್ಕೆ ವಿರುದ್ಧವಾಗಿ, ಹೊಸ ರಂಧ್ರಕ್ಕಾಗಿ ಪೆಟ್ಟಿಗೆಯನ್ನೇ ಗರಗಸದಿಂದ ಕೊಯ್ದವರ ಕೆಲಸವನ್ನು ಕಂಡರೆ ಅಳು ಬರುತ್ತದೆ.

ಅವಸರಕ್ಕೆ ಕಾರಣವೂ ಇದೆ. ಸ್ಪೆಕ್ಟ್ರಮ್ಮಿನ ನಡುವೆ ಯುಎಲ್ಎ ಎಂಬ ಚಿಪ್ ಒಂದಿದೆ. ಪರದೆ, ಕೀಲಿಮಣೆ, ಕ್ಯಾಸೆಟ್ಟು, ದನಿ ಎಲ್ಲವೂ ಅದರ ಆಡಳಿತ. ಅದನ್ನು ತಯಾರಿಸಿದ ಫೆರಾಂಟಿ ಸಂಸ್ಥೆ 1993ರಲ್ಲಿ ಮುಳುಗಿಹೋಯಿತು. ಹಾಗಾಗಿ ಒಂದು ಯಂತ್ರವನ್ನು ಬದುಕಿಸಲು ಸತ್ತ ಇನ್ನೊಂದು ಯಂತ್ರದ ಚಿಪ್ ಬೇಕಾಗುತ್ತಿತ್ತು. ಕ್ರಿಸ್ ಸ್ಮಿತ್ ಎಂಬವರು ಆ ಚಿಪ್ಪಿನ ಒಳಗುಟ್ಟನ್ನು ಒಂದೊಂದಾಗಿ ಬಿಡಿಸಿ, 2010ರಲ್ಲಿ ಅದಕ್ಕಾಗಿಯೇ ಒಂದು ಗ್ರಂಥವನ್ನು ಬರೆದರು. ಈಗ ಅದರ ಸ್ಥಾನದಲ್ಲಿ ಕೂಡಿಸಬಹುದಾದ ಹೊಸ ಚಿಪ್‌ಗಳನ್ನು ಹವ್ಯಾಸಿಗಳು ತಾವೇ ಮಾಡಿಕೊಂಡಿದ್ದಾರೆ. ಸ್ಪೆಕ್ಟ್ರಮ್ಮಿನ ಮಿದುಳಾದ ಝಡ್80 ಚಿಪ್ಪು 1976ರಿಂದ ತಯಾರಾಗುತ್ತಿತ್ತು. ಅದರ ಮೂಲ ರೂಪಕ್ಕೆ ಇನ್ನು ಬೇಡಿಕೆ ಸ್ವೀಕರಿಸುವುದಿಲ್ಲವೆಂದು ಝೈಲಾಗ್ ಸಂಸ್ಥೆ 2024ರಲ್ಲಿ ಸಾರಿತು. ಸಾರಿದ ವಾರದಲ್ಲೇ ಎಷ್ಟು ಹವ್ಯಾಸಿಗಳು ಹತ್ತು ಹತ್ತು ಕೊಂಡು ಡಬ್ಬಿಯಲ್ಲಿ ತುಂಬಿಟ್ಟರೋ!

ಯಂತ್ರ ಸತ್ತರೆ ಅದರೊಡನೆ ಹೋಗುವುದು ಆಟಗಳು ಮಾತ್ರವಲ್ಲ. 1086ರಲ್ಲಿ ಇಂಗ್ಲೆಂಡಿನ ಒಂದನೆಯ ವಿಲಿಯಂ ದೊರೆ ತನ್ನ ರಾಜ್ಯದ ಹೊಲ, ಮನೆ, ನೇಗಿಲುಗಳನ್ನೆಲ್ಲ ಎಣಿಸಿ ಬರೆಯಿಸಿದ ಡೂಮ್ಸ್‌ಡೇ ಗ್ರಂಥ ಇಂದಿಗೂ ಲಂಡನ್ನಿನ ಕ್ಯೂ ಎಂಬಲ್ಲಿ ಇದೆ. ಲ್ಯಾಟಿನ್ ಬಲ್ಲವನು ಅದನ್ನು ಓದಬಹುದು. ಅದರ ಒಂಬೈನೂರನೆಯ ವರ್ಷದ ನೆನಪಿಗೆ, 1986ರಲ್ಲಿ ಬಿಬಿಸಿಯು ಹೊಸ ಡೂಮ್ಸ್‌ಡೇ ಒಂದನ್ನು ಸಿದ್ಧಪಡಿಸಿತು. ಶಾಲಾಮಕ್ಕಳೂ ಸೇರಿದಂತೆ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರಿನ ಅಂಗಡಿ, ಆಟ, ಊಟ, ಮಳೆ, ಮಾತುಗಳನ್ನು ಬರೆದು ಕಳುಹಿಸಿದರು. ಇವನ್ನೆಲ್ಲ ದೊಡ್ಡ ಎರಡು ಲೇಸರ್ ತಟ್ಟೆಗಳಲ್ಲಿ ಅಚ್ಚೊತ್ತಿದರು. ಓದಲು ಏಕಾರ್ನಿನ ‘ಮಾಸ್ಟರ್’ ಗಣಕವೂ, ಅದಕ್ಕೆಂದೇ ಮಾಡಿದ ಫಿಲಿಪ್ಸ್ ತಟ್ಟೆಯಂತ್ರವೂ ಬೇಕು. ಬೆಲೆ ಹೆಚ್ಚಾದುದರಿಂದ ಬರೆದ ಶಾಲೆಗಳಿಗೇ ಅದನ್ನು ಕೊಳ್ಳಲಾಗಲಿಲ್ಲ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ತಟ್ಟೆಯಂತ್ರಗಳು ಕೆಟ್ಟುವು, ಬಿಡಿಭಾಗಗಳು ಸಿಗದಾದುವು. ಒಂಬೈನೂರು ವರ್ಷದ ಚರ್ಮದ ಹಾಳೆ ಬದುಕಿತ್ತು. ನಿನ್ನೆಯ ಮಕ್ಕಳ ಬರಹ ತಟ್ಟೆಯೊಳಗೆ ಮೂಕವಾಗಿ ಕುಳಿತಿತ್ತು.

ಅದನ್ನು ಮಾತನಾಡಿಸಬೇಕಾದರೆ ಓಡುವ ಹಳೆಯ ಯಂತ್ರ ಒಂದಾದರೂ ಬೇಕಾಗಿತ್ತು. 2002ರಲ್ಲಿ ಲೀಡ್ಸ್ ಮತ್ತು ಮಿಚಿಗನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಅದರ ನಡೆಯನ್ನು ಹೊಸ ಗಣಕದ ಮೇಲೆ ಅನುಕರಿಸಿ ತೋರಿಸಿದರು. ಕೇಂಬ್ರಿಜ್‌ನಿಂದ ಪಶ್ಚಿಮಕ್ಕಿರುವ ಬ್ಲೆಚ್ಲಿಯ ರಾಷ್ಟ್ರೀಯ ಗಣಕ ಸಂಗ್ರಹಾಲಯದಲ್ಲಿ ಮೂಲ ಯಂತ್ರವನ್ನೇ ಸ್ವಯಂಸೇವಕರು ದುರಸ್ತಿ ಮಾಡಿ ನಡೆಸುತ್ತ ಬಂದರು. ಇಂತಹ ಕೆಲಸಗಳಿಗೆ ಬೇಕಾಗುವ ಕೈಚಳಕವು ಭಾನುವಾರ ಮಧ್ಯಾಹ್ನಗಳಲ್ಲಿ, ಮನೆಯವರಿಂದ ಬೈಸಿಕೊಳ್ಳುತ್ತ, ಬೆಸುಗೆ ಹಾಕುವವರಲ್ಲಿ ಉಳಿದುಕೊಂಡು ಬಂದಿದೆ. ಆ ವಿದ್ಯೆಗೆ ವಿಶ್ವವಿದ್ಯಾಲಯಗಳಲ್ಲಿ ಪಾಠವಿಲ್ಲ.

*

ದುರಸ್ತಿಯಾದ ಗಣಕಕ್ಕೆ ಹೊಸ ಬಲವನ್ನು ಕೂಡಿಸುವುದು ಈ ಹವ್ಯಾಸದ ಇನ್ನೊಂದು ಮುಖ. ಸ್ಪೆಕ್ಟ್ರಮ್ಮಿಗೆ ಕ್ಯಾಸೆಟ್ಟಿನಿಂದ ಒಂದು ಆಟವನ್ನು ತುಂಬಲು ಸುಮಾರು ಐದು ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಮನೆಯಲ್ಲಿ ಕೀಚಲು ಸದ್ದು. ಈಗ ಬೆರಳುಗುರಿನಷ್ಟು ಅಗಲದ ನೆನಪಿನ ಕಾರ್ಡನ್ನು ಬೆನ್ನಿಗೆ ಸಿಕ್ಕಿಸಿದರೆ ಸಾವಿರಾರು ಆಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತವೆ. ಸೌಕರ್ಯವೇನೋ ಸರಿ. ಆದರೆ ಆ ಐದು ನಿಮಿಷದ ಕಾತರವನ್ನು ಕಳೆದುಕೊಂಡ ಆಟ ಅಷ್ಟೇನೂ ರುಚಿಸುವುದಿಲ್ಲವೆಂದು ಹೇಳುವವರನ್ನು ಹುಚ್ಚರೆನ್ನಲಾಗದು.

ಬಿಬಿಸಿ ಮೈಕ್ರೋದ ವಿಷಯದಲ್ಲಿ ಮಾತ್ರ ಹೊಸತು ಹಳತುಗಳ ಸಂಬಂಧ ಒಂದು ಕತೆಯೇ ಆಗಿದೆ. ಆ ಯಂತ್ರದ ಹೊಟ್ಟೆಯ ಕೆಳಗೆ ‘ಟ್ಯೂಬ್’ ಎಂಬ ಒಂದು ಕಂಡಿಯಿದೆ. ಮುಂದೆಂದಾದರೂ ಇದಕ್ಕಿಂತ ಬಲವಾದ ಎರಡನೆಯ ಮಿದುಳನ್ನು ಜೋಡಿಸುವುದಾದರೆ ಇರಲಿ ಎಂದು ವಿಲ್ಸನ್, ಫರ್ಬರ್ ಮತ್ತು ಅವರ ಸಂಗಡಿಗರು ಇಟ್ಟ ದಾರಿ ಅದು. ಕೆಲವು ವರ್ಷಗಳಲ್ಲಿ ಅವರಿಬ್ಬರೇ ಹೊಸದೊಂದು ಮಿದುಳನ್ನು ರೂಪಿಸಿದರು. ಅದರ ನಡೆಯನ್ನು ಮೊದಲು ಬಿಬಿಸಿ ಮೈಕ್ರೋದ ಬೇಸಿಕ್ ಭಾಷೆಯಲ್ಲಿಯೇ ಬರೆದು ಪರೀಕ್ಷಿಸಿದರು. 1985ರ ಏಪ್ರಿಲ್ 26ರಂದು ಚಿಪ್ ತಯಾರಾಗಿ ಬಂದಾಗ, ಅದು ಮೊದಲು ಉಸಿರಾಡಿದ್ದು ಇದೇ ಟ್ಯೂಬ್ ಕಂಡಿಯ ಮೂಲಕ. ಎಷ್ಟು ವಿದ್ಯುತ್ತು ಕುಡಿಯುತ್ತದೆಂದು ಅಳೆಯಹೋದ ಫರ್ಬರ್ ಅವರಿಗೆ ಮೀಟರಿನ ಮುಳ್ಳು ಸೊನ್ನೆಯನ್ನೇ ತೋರಿಸಿತು. ನೋಡಿದರೆ ವಿದ್ಯುತ್ತಿನ ತಂತಿಯೇ ಜೋಡಣೆಯಾಗಿರಲಿಲ್ಲ; ಅಕ್ಕಪಕ್ಕದ ತಂತಿಗಳಿಂದ ಸೋರಿದ ಎಂಜಲಿನಲ್ಲಿಯೇ ಅದು ಓಡುತ್ತಿತ್ತು! ಆ ಚಿಪ್ಪಿನ ಹೆಸರು ಆರ್ಮ್. ಇಂದು ಜನರ ಜೇಬಿನ ಮೊಬೈಲುಗಳಲ್ಲಿ ಕೆಲಸ ಮಾಡುತ್ತಿರುವುದು ಅದರ ಸಂತಾನ.

2012ರಲ್ಲಿ ಇದೇ ಕೇಂಬ್ರಿಜ್‌ನಿಂದ ರಾಸ್ಪ್‌ಬೆರಿ ಪೈ ಎಂಬ, ಅಂಗೈಯಲ್ಲಿ ಹಿಡಿಸುವ ಅಗ್ಗದ ಗಣಕ ಹೊರಬಂದಿತು. ಅದರ ಮಿದುಳೂ ಆರ್ಮ್. ಹವ್ಯಾಸಿಗಳು ಈಗ ಅದನ್ನು ಚಪ್ಪಟೆ ತಂತಿಯೊಂದರ ತುದಿಗೆ ಕಟ್ಟಿ, ಬಿಬಿಸಿ ಮೈಕ್ರೋದ ಅದೇ ಟ್ಯೂಬ್ ಕಂಡಿಗೆ ಸಿಕ್ಕಿಸುತ್ತಾರೆ. ಹಳೆಯ ಯಂತ್ರದ 5 ವೋಲ್ಟು ಹೊಸದರ 3.3 ವೋಲ್ಟಿಗೆ ಹೆಚ್ಚಾಗುವುದರಿಂದ ನಡುವೆ ಒಂದು ಪುಟ್ಟ ಬೋರ್ಡು ಬೇಕು, ಅಷ್ಟೆ. ಮರಿಮಗನು ಮುತ್ತಜ್ಜನ ಬೆನ್ನಿಗೆ ಒರಗಿ ಕುಳಿತು ಲೆಕ್ಕ ಮಾಡಿಕೊಡುತ್ತಾನೆ. ಮುತ್ತಜ್ಜನು ಎಂದಿನಂತೆ ‘ಬೂ–ಪೀಪ್’ ಎಂದು ಕೂಗಿ, ಉತ್ತರವನ್ನು ತನ್ನದೆಂಬಂತೆ ಪರದೆಯ ಮೇಲೆ ಬರೆಯುತ್ತಾನೆ. ಇದಕ್ಕಾಗಿ ಮೂಲ ಯಂತ್ರದಲ್ಲಿ ಒಂದು ತಿರುಪನ್ನೂ ಹಾಳುಮಾಡಬೇಕಾಗಿಲ್ಲ. 1981ರಲ್ಲಿ ಕಂಡಿಯನ್ನು ಇಟ್ಟವರೇ ಅದಕ್ಕೆ ಅನುಮತಿ ಕೊಟ್ಟು ಹೋಗಿದ್ದಾರೆ.

ಕೆಲಸ ಮುಗಿದ ಮೇಲೆ ಹವ್ಯಾಸಿಯು ಮುಚ್ಚಳವನ್ನು ಹಾಕುವುದಕ್ಕೆ ಮುನ್ನ ಒಂದು ಚೀಟಿಯನ್ನು ಬರೆಯುವ ಪದ್ಧತಿಯುಂಟು. ಕಿತ್ತ ಹಳೆಯ ಕೆಪಾಸಿಟರನ್ನು ಚಿಕ್ಕ ಚೀಲದಲ್ಲಿ ಹಾಕಿ, ಚೀಟಿಯೊಡನೆ ಪೆಟ್ಟಿಗೆಯ ಒಳಗೋಡೆಗೆ ಅಂಟಿಸುತ್ತಾನೆ. ಮುಂದೆ ಈ ಮುಚ್ಚಳವನ್ನು ತೆಗೆಯುವವರು ಯಾರೋ, ಇನ್ನೆಷ್ಟು ವರ್ಷಕ್ಕೋ. ಆದುದರಿಂದ ಚೀಟಿಯಲ್ಲಿ ಸಂಬೋಧನೆಯಿಲ್ಲ, ಸಹಿಯೂ ಇಲ್ಲ. ತಾರೀಖು, ಬದಲಿಸಿದ ಭಾಗದ ಸಂಖ್ಯೆ, ಮೀಟರು ತೋರಿಸಿದ ವೋಲ್ಟು. ಅನಂತರ ನಾಲ್ಕು ತಿರುಪುಗಳನ್ನು ಬಿಗಿದು, ಮೇಜನ್ನು ಒರೆಸಿ, ಊಟಕ್ಕೆ ಕರೆದವರಿಗೆ ‘ಬಂದೆ’ ಎಂದು ಹೇಳಿ, ಇನ್ನೊಂದು ಸಲ ಸ್ವಿಚ್ಚು ಹಾಕಿ ಕಿವಿಗೊಡುತ್ತಾನೆ.